ಐದು ರೂಪಾಯಿಗೆ ಚುಕ್ತಾ ಆದದ್ದು

ನಮ್ಮ ತಾರಸಿಯಲ್ಲಿ ಇಪ್ಪತ್ತು ಇಪ್ಪತ್ತೆರಡು ಕುಂಡಗಳಿವೆ. ದೊಡ್ಡಪತ್ರೆ, ಕರಿಬೇವು, ಮೂರು ಬಣ್ಣದ ದಾಸವಾಳ, ಹೆಸರೇ ಗೊತ್ತಿಲ್ಲದ ಒಂದಷ್ಟು ಗಿಡ. ಕೆಳಗಿನ ಮನೆಯಲ್ಲಿರುವ ತಂಗಿಯ ಮಗನಿಗೆ ಎಂಟು ವರ್ಷ. ದಿನಾ ಸಂಜೆ ಸ್ಕೂಲ್ ಬ್ಯಾಗ್ ಬಿಸಾಕಿ ಮೇಲೆ ಓಡಿ ಬರುತ್ತಿದ್ದ. ಪೈಪ್ ಹಿಡಿದು ಗಿಡಗಳಿಗೆ ನೀರು ಹಾಕುತ್ತಿದ್ದ. ಯಾರೂ ಹೇಳಿದ್ದಲ್ಲ. ಅರ್ಧ ನೀರು ಗಿಡಕ್ಕೆ, ಇನ್ನರ್ಧ ಅವನ ಮೈಗೆ. ಒಂದು ದಿನ ಖುಷಿಯಾಗಿ ಐದು ರೂಪಾಯಿ ನಾಣ್ಯ ಕೊಟ್ಟೆ. ಮಾರನೇ ದಿನವೂ ಕೊಟ್ಟೆ. ಆಮೇಲೆ ಅದು ರೂಢಿಯಾಯಿತು.

ಮೂರು ವಾರ ಕಳೆದಿರಬೇಕು. ಒಂದು ಸಂಜೆ ಪರ್ಸಿನಲ್ಲಿ ಚಿಲ್ಲರೆ ಇರಲಿಲ್ಲ. ನಾಳೆ ಕೊಡ್ತೀನಿ ಕಣೋ ಅಂದೆ.

"ಪರವಾಗಿಲ್ಲ ದೊಡ್ಡಮ್ಮ, ನೀರೂ ನಾಳೇನೇ ಹಾಕ್ತೀನಿ" ಅಂದ.

ಸಿಟ್ಟಿಲ್ಲ, ಹಟವಿಲ್ಲ. ಅಂಗಡಿಯವರು ರೇಟು ಹೇಳುವ ಹಾಗೆ ಹೇಳಿದ. ಅದೇ ವಾರ ಕೆಳಗಿಂದ ಒಂದು ಕಟ್ಟು ಕೊತ್ತಂಬರಿ ತಂದುಕೊಡು ಅಂದರೆ "ಅದಕ್ಕೆಷ್ಟು?" ಅಂತ ಕೇಳಿದ. ಚಿಲ್ಲರೆ ಇಲ್ಲದಿದ್ದರೆ ಅಮ್ಮನ ಫೋನಿಗೆ ಹಾಕು ಅಂತ ದಾರಿಯನ್ನೂ ತೋರಿಸಿದ. ತಂಗಿ ಬೈದಳು. ಅವನಿಗಲ್ಲ, ನನಗೆ.

ಬೈಸಿಕೊಳ್ಳಬೇಕಾದದ್ದೇ. ಯಾಕೆಂದರೆ ನಾನು ಮಾಡಿದ ತಪ್ಪಿನ ಬಗ್ಗೆ ಮನಶ್ಶಾಸ್ತ್ರದವರು ಐವತ್ತು ವರ್ಷಗಳಿಂದ ಬರೆಯುತ್ತಿದ್ದಾರೆ. ಅದರಲ್ಲಿ ಒಂದಷ್ಟನ್ನು ನಾನು ಓದಿಯೂ ಇದ್ದೆ. ಓದಿದ್ದು ತಾರಸಿ ಮೆಟ್ಟಿಲು ಹತ್ತುವಷ್ಟರಲ್ಲಿ ಮರೆತುಹೋಗಿತ್ತು ಅಷ್ಟೇ.

ಈ ವಿಷಯದಲ್ಲಿ ಎಲ್ಲರೂ ನೆನೆಯುವ ಪ್ರಯೋಗ 1973ರಲ್ಲಿ ಪ್ರಕಟವಾದದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಬಿಂಗ್ ನರ್ಸರಿ ಶಾಲೆಯಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮಾಡಿದ್ದು. ಮೂರರಿಂದ ಐದು ವರ್ಷದ ಪುಟ್ಟ ಮಕ್ಕಳು. ಆಟದ ಹೊತ್ತಿನಲ್ಲಿ ಮೇಜಿನ ಮೇಲೆ ಬಣ್ಣಬಣ್ಣದ ಮಾರ್ಕರ್ ಪೆನ್ನುಗಳನ್ನು ಇಟ್ಟು, ಯಾರು ತಾವಾಗಿಯೇ ಹೋಗಿ ಚಿತ್ರ ಬರೆಯುತ್ತಾರೆ ಅಂತ ಮರೆಯಿಂದ ನೋಡಿದರು. ಹಾಗೆ ಆಸೆಪಟ್ಟು ಬರೆಯುವವರನ್ನೇ ಆರಿಸಿಕೊಂಡು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಚಿತ್ರ ಬರೆದರೆ ಬಹುಮಾನ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಬಹುಮಾನ ಅಂದರೆ ಚಿನ್ನದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್ ಇರುವ ಒಂದು ಕಾರ್ಡು. ಎರಡನೇ ಗುಂಪಿಗೆ ಏನೂ ಹೇಳದೆ ಬರೆಸಿ, ಕೊನೆಗೆ ಅದೇ ಕಾರ್ಡು ಕೈಗಿಟ್ಟರು. ಮೂರನೇ ಗುಂಪಿನವರು ಸುಮ್ನೆ ಬರೆದರು, ಸುಮ್ನೆ ಎದ್ದು ಹೋದರು.

ಒಂದೆರಡು ವಾರ ಬಿಟ್ಟು ಮತ್ತೆ ಅದೇ ಪೆನ್ನುಗಳನ್ನು ಆಟದ ಹೊತ್ತಿನಲ್ಲಿ ಇಟ್ಟರು. ಈಗ ಬಹುಮಾನದ ಮಾತಿಲ್ಲ. ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ತಮ್ಮ ಆಟದ ಸಮಯದಲ್ಲಿ ಶೇ 9ಕ್ಕಿಂತ ಕಡಿಮೆ ಹೊತ್ತು ಚಿತ್ರ ಬರೆದರು. ಉಳಿದ ಎರಡೂ ಗುಂಪಿನವರು ಹೆಚ್ಚುಕಡಿಮೆ ಅದರ ಎರಡರಷ್ಟು, ಶೇ 17-18ರಷ್ಟು ಹೊತ್ತು ಬರೆದರು. ಇನ್ನೊಂದು ಸಂಗತಿ ಇದೆ, ನನಗೆ ಅದೇ ಜಾಸ್ತಿ ಕುತೂಹಲದ್ದು. ಬಹುಮಾನಕ್ಕೆ ಅಂತ ಬರೆದ ದಿನ ಆ ಮಕ್ಕಳ ಚಿತ್ರಗಳೂ ಕಳಪೆಯಾಗಿದ್ದವು. ಯಾರ ಚಿತ್ರ ಯಾವುದು ಅಂತ ಗೊತ್ತಿಲ್ಲದವರೇ ನೋಡಿ ಕೊಟ್ಟ ತೀರ್ಪು ಅದು.

ಗಮನಿಸಿ, ಎರಡನೇ ಗುಂಪಿಗೂ ಅದೇ ಕಾರ್ಡು ಸಿಕ್ಕಿತ್ತು. ಅವರಿಗೇನೂ ಆಗಲಿಲ್ಲ. ಅಂದಮೇಲೆ ತೊಂದರೆ ಕಾರ್ಡಿನಲ್ಲಿ ಇರಲಿಲ್ಲ. ಅದನ್ನು ಕೊಡುವ ಮೊದಲು ಆಡಿದ ಮಾತಿನಲ್ಲಿತ್ತು. "ಇದು ಬರೆದರೆ ಅದು ಕೊಡ್ತೀನಿ" ಅಂದಾಗ ಮಗು ಏನು ಕೇಳಿಸಿಕೊಳ್ಳುತ್ತೆ? "ಬರೆಯೋದು ನಿನಗೆ ಬೇಕಾದದ್ದಲ್ಲ, ನಮಗೆ ಬೇಕಾದದ್ದು. ಅದಕ್ಕೇ ಕೂಲಿ" ಅಂತ. ನಾವು ಕೂಡ ಹಾಗೇ ಅಲ್ವಾ? ಬಾಯಿಗೆ ಇಷ್ಟವಾಗುವ ಹೊಸ ತಿಂಡಿಗೆ ಯಾರೂ ಲಂಚ ಕೊಡುವುದಿಲ್ಲ. ಹಾಗಲಕಾಯಿ ತಿನ್ನಿಸಲು ಕೊಡುತ್ತಾರೆ. ಲಂಚ ಬಂತು ಅಂದರೆ ಎಲ್ಲೋ ಕಹಿ ಇರಬೇಕು ಅಂತ ಮಗು ಊಹಿಸಿದರೆ ತಪ್ಪೇನು?

ಬಹುಮಾನವನ್ನು ನಾವು ವಸ್ತು ಅಂತ ತಿಳಿದಿರುತ್ತೇವೆ. ತೆಗೆದುಕೊಳ್ಳುವವರಿಗೆ ಅದು ಒಂದು ಮಾತೂ ಹೌದು. ಈ ಒಂದು ಎಳೆ ಹಿಡಿದುಕೊಂಡರೆ ಮುಂದಿನ ಪ್ರಯೋಗಗಳೆಲ್ಲ ಸಲೀಸಾಗಿ ಅರ್ಥವಾಗುತ್ತವೆ.

ಈಗ ಮಕ್ಕಳಿಂದ ದೊಡ್ಡವರ ಕಡೆ ಬರೋಣ. ಜರ್ಮನಿಯ ಕಾರ್ಲ್ ಡಂಕರ್ ಎಂಬ ಮನಶ್ಶಾಸ್ತ್ರಜ್ಞ ಮಾಡಿದ ಒಂದು ಒಗಟು ಇದೆ. ಮೇಜಿನ ಮೇಲೆ ಒಂದು ಮೇಣದಬತ್ತಿ, ಒಂದಷ್ಟು ಬೆಂಕಿಕಡ್ಡಿ, ರಟ್ಟಿನ ಡಬ್ಬಿ ತುಂಬ ಗೋಡೆಗೆ ಚುಚ್ಚುವ ಪಿನ್ನು. ಮೇಣ ಮೇಜಿನ ಮೇಲೆ ತೊಟ್ಟಿಕ್ಕದ ಹಾಗೆ ಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕು. ಹೆಚ್ಚಿನವರು ಬತ್ತಿಗೇ ಪಿನ್ನು ಚುಚ್ಚಲು ಹೋಗುತ್ತಾರೆ. ಇಲ್ಲವೇ ಮೇಣ ಕರಗಿಸಿ ಅಂಟಿಸಲು ನೋಡುತ್ತಾರೆ. ಎರಡೂ ನಡೆಯೋಲ್ಲ. ಉತ್ತರ ಆ ಡಬ್ಬಿ. ಪಿನ್ನುಗಳನ್ನು ಸುರಿದು, ಡಬ್ಬಿಯನ್ನು ಗೋಡೆಗೆ ಚುಚ್ಚಿ, ಅದರಲ್ಲಿ ಬತ್ತಿ ಇಡಬೇಕು. ಡಬ್ಬಿ ಪಿನ್ನು ಇಡೋಕೆ ಇರುವುದು ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತೆ. ಅದು ಪುಟ್ಟ ಗೂಡೂ ಆಗಬಹುದು ಅಂತ ಹೊಳೆಯಬೇಕಾದರೆ ಮನಸ್ಸು ಸ್ವಲ್ಪ ಅಲೆಯಬೇಕು.

1962ರಲ್ಲಿ ಸ್ಯಾಮ್ ಗ್ಲಕ್ಸ್‌ಬರ್ಗ್ ಇದೇ ಒಗಟಿಗೆ ದುಡ್ಡು ಸೇರಿಸಿದರು. ಕೆಲವರಿಗೆ ಸುಮ್ನೆ ಬಿಡಿಸಿ ಅಂದರು. ಇನ್ನು ಕೆಲವರಿಗೆ ಬೇಗ ಬಿಡಿಸಿದವರಿಗೆ 5 ಡಾಲರ್, ಎಲ್ಲರಿಗಿಂತ ಮೊದಲಾದವರಿಗೆ 20 ಡಾಲರ್ ಅಂದರು. ಆಗಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ದುಡ್ಡಿನ ಆಸೆ ಇದ್ದವರು ಸರಾಸರಿ ಮೂರೂವರೆ ನಿಮಿಷ ಹೆಚ್ಚೇ ತೆಗೆದುಕೊಂಡರು. ಕಡಿಮೆ ಅಲ್ಲ, ಹೆಚ್ಚು.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕತೆ. ಪಿನ್ನುಗಳನ್ನು ಮೊದಲೇ ಡಬ್ಬಿಯಿಂದ ಹೊರಗೆ ಸುರಿದಿಟ್ಟು, ಖಾಲಿ ಡಬ್ಬಿಯನ್ನು ಪಕ್ಕದಲ್ಲಿ ಇಟ್ಟಾಗ ದುಡ್ಡಿನವರೇ ಗೆದ್ದರು. ಉತ್ತರ ಕಣ್ಣೆದುರಿಗೆ ಇದ್ದರೆ ಬಹುಮಾನ ಓಡಿಸುತ್ತೆ. ಉತ್ತರ ಎಲ್ಲಿದೆ ಅಂತಲೇ ಗೊತ್ತಿಲ್ಲದಿದ್ದರೆ ಅದೇ ಬಹುಮಾನ ಎಡವಿಸುತ್ತೆ. ಮೈಸೂರಿನ ಟಾಂಗಾ ಕುದುರೆಗೆ ಕಣ್ಣಿನ ಪಕ್ಕ ಕಟ್ಟುವ ಚರ್ಮದ ಪಟ್ಟಿ ನೋಡಿದ್ದೀರಲ್ಲ, ಹಾಗೆ. ನೇರ ರಸ್ತೆಯಲ್ಲಿ ಅದರಿಂದ ಉಪಕಾರವೇ. ಪಕ್ಕದಲ್ಲಿ ಇರುವುದನ್ನು ಕಾಣಬೇಕಾದಾಗ ಅದೇ ಅಡ್ಡ.

ಹಾರ್ವರ್ಡ್‌ನ ತೆರೇಸಾ ಅಮಬೈಲ್ ಮತ್ತು ಜೊತೆಗಾರರು ಇದನ್ನು ವೃತ್ತಿಯ ಕಲಾವಿದರಲ್ಲೇ ನೋಡಿದರು. 23 ಕಲಾವಿದರಿಂದ, ಗಿರಾಕಿ ಹೇಳಿ ಮಾಡಿಸಿಕೊಂಡ ಹತ್ತು ಕೃತಿ, ತಮ್ಮ ಪಾಡಿಗೆ ತಾವು ಮಾಡಿದ ಹತ್ತು ಕೃತಿ ತರಿಸಿದರು. ಯಾವುದು ಯಾವ ಬಗೆಯದು ಅಂತ ತೀರ್ಪುಗಾರರಿಗೆ ಗೊತ್ತಿರಲಿಲ್ಲ. ಕೈಚಳಕದಲ್ಲಿ ಎರಡಕ್ಕೂ ವ್ಯತ್ಯಾಸವಿರಲಿಲ್ಲ. ಹೊಸತನದಲ್ಲಿ ಮಾತ್ರ ಹೇಳಿ ಮಾಡಿಸಿದವು ಹಿಂದೆ ಬಿದ್ದವು. ಆದರೆ ದುಡ್ಡೇ ಖಳನಾಯಕ ಅಂತ ಇಲ್ಲೂ ಹೇಳುವ ಹಾಗಿಲ್ಲ. ಗಿರಾಕಿ "ಹೀಗೇ ಇರಬೇಕು, ಆ ಬಣ್ಣವೇ ಬೇಕು" ಅಂತ ಕಟ್ಟಿಹಾಕಿದ ಕಡೆ ಪೆಟ್ಟು ಜಾಸ್ತಿ. "ತಗೋ ಹಣ, ನಿನಗೆ ತೋಚಿದ್ದು ಮಾಡು" ಅಂದ ಕಡೆ ಪೆಟ್ಟಿಲ್ಲ. ಹಳೆಯ ಅರಸರ ಆಸ್ಥಾನಗಳಲ್ಲಿ ಇಷ್ಟೊಂದು ಒಳ್ಳೆಯ ಸಂಗೀತ, ಚಿತ್ರ ಹುಟ್ಟಿದ್ದು ಹೇಗೆ ಅಂತ ನನಗೊಂದು ಅನುಮಾನ ಇತ್ತು. ಉತ್ತರ ಇಲ್ಲೇ ಎಲ್ಲೋ ಇದೆ ಅನ್ನಿಸುತ್ತೆ.

ಇನ್ನು ಸಂಬಂಧದ ಮಾತು. ಇಸ್ರೇಲಿನ ಹೈಫಾ ಊರಿನ ಹತ್ತು ಶಿಶುವಿಹಾರಗಳಲ್ಲಿ ಯೂರಿ ನೀಜಿ, ಆಲ್ಡೋ ರುಸ್ತಿಕೀನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 20 ವಾರ ಲೆಕ್ಕ ಇಟ್ಟರು. ಸಂಜೆ ನಾಲ್ಕಕ್ಕೆ ಮಕ್ಕಳನ್ನು ಕರೆದೊಯ್ಯಬೇಕು. ಕೆಲವು ಅಪ್ಪ ಅಮ್ಮಂದಿರು ತಡವಾಗಿ ಬರುತ್ತಿದ್ದರು, ಟೀಚರು ಕಾಯುತ್ತಾ ಕೂರಬೇಕಿತ್ತು. ಐದನೇ ವಾರದಿಂದ ಆರು ಶಿಶುವಿಹಾರಗಳಲ್ಲಿ ಹತ್ತು ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ ದಂಡ ಅಂತ ಮಾಡಿದರು. ತಡವಾಗಿ ಬರುವವರು ಕಡಿಮೆಯಾಗಬೇಕು ತಾನೆ? ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಎರಡರಷ್ಟಾದರು.

ಯಾಕೆ ಅನ್ನುವುದು ನಮಗೆ ಗೊತ್ತಿರದ ವಿಷಯವೇನಲ್ಲ. ದಂಡ ಇಲ್ಲದಾಗ ತಡವಾಗಿ ಬಂದವರಿಗೆ ಟೀಚರ ಮುಖ ನೋಡಲು ಮುಜುಗರ. "ಪಾಪ, ಅವರಿಗೂ ಮನೆ ಮಠ ಇದೆ" ಅನ್ನುವ ಅಳುಕು. ದಂಡ ಬಂದ ಮೇಲೆ ಆ ಅಳುಕಿಗೆ ಬೆಲೆ ಗೊತ್ತಾಯಿತು, ಅದೂ ಅಗ್ಗದ ಬೆಲೆ. ಹತ್ತು ಶೆಕೆಲ್ ಕೊಟ್ಟೆ, ಚುಕ್ತಾ. ಇನ್ಯಾಕೆ ಮುಜುಗರ? ಆಮೇಲೆ ಹದಿನೇಳನೇ ವಾರದಲ್ಲಿ ದಂಡ ತೆಗೆದುಹಾಕಿದರು. ತಡವಾಗಿ ಬರುವುದು ಕಡಿಮೆಯಾಗಲಿಲ್ಲ. ದಂಡ ಹೋಯಿತು, ಮುಜುಗರ ಮಾತ್ರ ವಾಪಸ್ ಬರಲಿಲ್ಲ.

ಚುಕ್ತಾ ಅನ್ನುವ ಮಾತು ಬಂದಿದ್ದಕ್ಕೆ ನಮ್ಮ ಕಡೆಯ ಮುಯ್ಯಿ ನೆನಪಾಗುತ್ತೆ. ಹಳೇ ಮೈಸೂರಿನ ಹಳ್ಳಿ ಮದುವೆಗಳಲ್ಲಿ ಛತ್ರದ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಒಬ್ಬರು ನೋಟ್‌ಬುಕ್ಕು ಹಿಡಿದು ಕೂತಿರುತ್ತಾರೆ. ಯಾರು, ಯಾವ ಊರು, ಎಷ್ಟು ಅಂತ ಬರೆದುಕೊಳ್ಳುತ್ತಾರೆ. ನೂರಾ ಒಂದು, ಐನೂರಾ ಒಂದು. ನಾಳೆ ಆ ಮನೆಯಲ್ಲಿ ಮದುವೆಯಾದಾಗ ಈ ಪುಸ್ತಕ ತೆಗೆದು ನೋಡಿ, ಬಂದದ್ದಕ್ಕೆ ಇಷ್ಟು ಸೇರಿಸಿ ಹಾಕಿ ಬರುವುದು. ಪೇಟೆಯಲ್ಲಿ ಬೆಳೆದ ನನ್ನ ಗೆಳತಿಯೊಬ್ಬಳು ಇದನ್ನು ನೋಡಿ, "ಇದು ಬರೀ ವ್ಯಾಪಾರ" ಅಂದಿದ್ದಳು. ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು. ಈಗ ಅನ್ನಿಸೋಲ್ಲ. ಮುಯ್ಯಿಯಲ್ಲಿ ಲೆಕ್ಕ ಇದೆ, ಚುಕ್ತಾ ಇಲ್ಲ. ಕೊಟ್ಟದ್ದು ಎಂಟು ಹತ್ತು ವರ್ಷ ಬಿಟ್ಟು ವಾಪಸ್ ಬರುತ್ತೆ. ಬರುವಾಗ ಸ್ವಲ್ಪ ಹೆಚ್ಚಾಗಿ ಬರುತ್ತೆ, ಹಾಗಾಗಿ ಈಗ ನೀವು ಸಾಲಗಾರರು. ಯಾವಾಗಲೂ ಒಂದು ಕಡೆ ಬಾಕಿ. ಆ ಬಾಕಿಯೇ ಮತ್ತೆ ಅವರ ಮನೆ ಬಾಗಿಲಿಗೆ ಹೋಗಲು ನೆವ. ನಾಟಿ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುವ ಮುಯ್ಯಾಳಿನಲ್ಲೂ ಇದೇ ಲೆಕ್ಕಾಚಾರ. ಇವತ್ತು ನಾನು ನಿಮ್ಮ ಗದ್ದೆಗೆ, ಇನ್ನೊಂದು ದಿನ ನೀವು ನಮ್ಮ ಗದ್ದೆಗೆ. ಸಂಜೆ ಕೂಲಿ ಎಣಿಸಿ ಕೊಟ್ಟರೆ ಅದು ಮುಯ್ಯಾಳಲ್ಲ.

ಪಕ್ಕದ ಮನೆಯವರು ಡಬ್ಬಿಯಲ್ಲಿ ಕಾಯಿ ಹೋಳಿಗೆ ಕೊಟ್ಟರೆ ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ನಮ್ಮಮ್ಮ ಹೇಳುತ್ತಿದ್ದರು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಆದರೆ ಅದೇ ನಿಮಿಷ ಹೊಸ್ತಿಲಲ್ಲೇ ಡಬ್ಬಿ ಖಾಲಿ ಮಾಡಿ, ಐವತ್ತರ ನೋಟು ಹಾಕಿ ಕೊಟ್ಟರೆ? ಅವರು ನಿಮ್ಮ ಹತ್ತಿರ ಮಾತು ಬಿಡುತ್ತಾರೆ. ಬಿಡಬೇಕಾದದ್ದೇ. ಮಾರ್ಗರೆಟ್ ಕ್ಲಾರ್ಕ್, ಜಡ್ಸನ್ ಮಿಲ್ಸ್ ಎಂಬ ಸಂಶೋಧಕರು 1979ರಲ್ಲಿ ಪ್ರಯೋಗಾಲಯದಲ್ಲಿ ಕಂಡದ್ದೂ ಇಂಥದ್ದೇ. ಹತ್ತಿರವಾಗಬೇಕು ಅಂತ ಬಯಸುವ ಮನುಷ್ಯ ಸಹಾಯ ಮಾಡಿದಾಗ, ಅದಕ್ಕೆ ಕೂಡಲೇ ಸರಿಸಮ ತೀರಿಸಿಬಿಟ್ಟರೆ ಅವರಿಗೆ ನಾವು ಇಷ್ಟವಾಗುವುದು ಕಡಿಮೆಯಾಗುತ್ತೆ. ವ್ಯವಹಾರದ ಪರಿಚಯ ಮಾತ್ರ ಇದ್ದರೆ ತೀರಿಸದಿದ್ದಾಗಲೇ ಬೇಸರ. ಒಂದೇ ಕೆಲಸ, ಎರಡು ಕಡೆ ಎರಡು ಅರ್ಥ.

ನನ್ನ ಐದು ರೂಪಾಯಿ ಮಾಡಿದ್ದೂ ಇದೇ. ದೊಡ್ಡಮ್ಮನ ಗಿಡಕ್ಕೆ ನೀರು ಹಾಕುತ್ತಿದ್ದ ಹುಡುಗನನ್ನು ಅದು ದಿನಾ ಸಂಜೆ ಚುಕ್ತಾ ಮಾಡಿ ಕಳಿಸುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ವಾದವನ್ನು ಕೈಗೆ ಸಿಕ್ಕ ಹಾಗೆ ಬಳಸುವವರಿದ್ದಾರೆ. "ದುಡ್ಡು ಕೊಟ್ಟರೆ ಉತ್ಸಾಹ ಹಾಳಾಗುತ್ತೆ, ಅದಕ್ಕೇ ಕೊಡೋಲ್ಲ" ಅಂತ. ನಾನು ಮೊದಲು ಕೆಲಸಕ್ಕಿದ್ದ ಕಡೆ ಸಂಬಳ ಹೆಚ್ಚಿಸಿ ಅಂತ ಕೇಳಿದರೆ "ಇದು ನಮ್ಮ ಕುಟುಂಬ ಇದ್ದ ಹಾಗೆ" ಅನ್ನುತ್ತಿದ್ದರು. ಕುಟುಂಬದವರನ್ನು ಒಂದು ತಿಂಗಳ ನೋಟಿಸ್ ಕೊಟ್ಟು ತೆಗೆಯೋಲ್ಲ ಅಂತ ಆಗ ಹೇಳಲು ಧೈರ್ಯ ಬರಲಿಲ್ಲ. ಆಶಾ ಕಾರ್ಯಕರ್ತೆಯರ ವಿಷಯ ನೋಡಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಶುರುವಾದ ಯೋಜನೆ. ಹೆಸರಿಗೆ ಸ್ವಯಂಸೇವಕಿಯರು, ಕೆಲಸಕ್ಕೆ ಇಷ್ಟಿಷ್ಟು ಅಂತ ಪ್ರೋತ್ಸಾಹಧನ. ಬಸುರಿಯರು, ಬಾಣಂತಿಯರು, ಲಸಿಕೆ, ಸರ್ವೆ ಎಲ್ಲಕ್ಕೂ ಅವರೇ. ನಿಗದಿತ ಗೌರವಧನ ಕೊಡಿ ಅಂತ ಅವರು ಬೆಂಗಳೂರಿಗೆ ಬಂದು ಮತ್ತೆ ಮತ್ತೆ ಧರಣಿ ಕೂತಿದ್ದಾರೆ. ಅವರಿಗೆ ಸೇವೆಯ ಮಹತ್ವದ ಪಾಠ ಹೇಳುವುದು ನಾಚಿಕೆಗೇಡು. ಹೊಟ್ಟೆಗೆ ಸಾಲದಿದ್ದಾಗ ತಲೆಯಲ್ಲಿ ದುಡ್ಡೇ ತುಂಬಿರುತ್ತೆ. ದುಡ್ಡು ತಲೆಯಿಂದ ಇಳಿಯಬೇಕಾದರೆ ಮೊದಲು ಸಾಕಷ್ಟು ಕೊಡಬೇಕು.

ಬೇಸರದ ಕೆಲಸಗಳ ವಿಷಯವೂ ಬೇರೆ. ಪಾತ್ರೆ ತೊಳೆಯುವುದು, ರಸೀದಿಗಳನ್ನು ಕಂಪ್ಯೂಟರಿಗೆ ಏರಿಸುವುದು. ಇವುಗಳಲ್ಲಿ ಹಾಳಾಗಲು ಮೊದಲೇ ಇಷ್ಟ ಅಂತ ಒಂದು ಇದ್ದರೆ ತಾನೆ? ಈ ವಿಷಯದಲ್ಲಿ ಸಂಶೋಧಕರ ನಡುವೆಯೇ ದೊಡ್ಡ ಜಗಳ ನಡೆದಿದೆ. 1994ರಲ್ಲಿ ಜೂಡಿ ಕ್ಯಾಮರಾನ್, ಡೇವಿಡ್ ಪಿಯರ್ಸ್ ಅವರು 96 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು, ಬಹುಮಾನದಿಂದ ಅಂಥ ಕೇಡೇನಿಲ್ಲ ಅಂದರು. ಎಡ್ವರ್ಡ್ ಡೆಸಿ ಮತ್ತು ಗೆಳೆಯರು 1999ರಲ್ಲಿ 128 ಪ್ರಯೋಗಗಳನ್ನು ಇಟ್ಟು, ಇದೆ ಅಂದರು. ಜಗಳದ ಮಧ್ಯೆಯೂ ಕೆಲವು ವಿಷಯ ಗಟ್ಟಿಯಾಗಿ ಉಳಿದವು. ಮೊದಲೇ ಇಷ್ಟವಿದ್ದ ಕೆಲಸ, ಕೈಗೆ ಸಿಗುವ ಬಹುಮಾನ, ಅದನ್ನು ಮೊದಲೇ ಹೇಳಿದ್ದು, ಈ ಮೂರು ಸೇರಿದಾಗ ಪೆಟ್ಟು ಬೀಳುತ್ತೆ. ಬಾಯಿಮಾತಿನ ಮೆಚ್ಚುಗೆಯಿಂದ ಸಾಮಾನ್ಯವಾಗಿ ಪೆಟ್ಟಿಲ್ಲ, ಲಾಭವೇ.

ಡೆಸಿ ಇದನ್ನು ಹೀಗೆ ಬಿಡಿಸುತ್ತಾರೆ. ಬಹುಮಾನಕ್ಕೆ ಎರಡು ಮುಖ. ಒಂದು, "ನಾನು ಹೇಳಿದ ಹಾಗೆ ಕೇಳು" ಅನ್ನುವುದು. ಇನ್ನೊಂದು, "ನಿನ್ನ ಕೆಲಸ ಚೆನ್ನಾಗಿ ಬಂದಿದೆ" ಅನ್ನುವುದು. ಯಾವ ಮುಖ ಎದ್ದು ಕಾಣುತ್ತೋ ಅದರ ಮೇಲೆ ಪರಿಣಾಮ. ರಿಚರ್ಡ್ ರಯಾನ್ ಜೊತೆ ಸೇರಿ ಅವರು ಬೆಳೆಸಿದ ವಿಚಾರದಲ್ಲಿ ಮನುಷ್ಯನಿಗೆ ಬೇಕಾದದ್ದು ಮೂರು. ಇದು ನಾನೇ ಆರಿಸಿಕೊಂಡದ್ದು ಅನ್ನುವ ಭಾವ, ನನ್ನ ಕೈಲಿ ಆಗುತ್ತೆ ಅನ್ನುವ ಭಾವ, ನನ್ನವರು ಅಂತ ಕೆಲವರು ಇದ್ದಾರೆ ಅನ್ನುವ ಭಾವ.

ರಕ್ತದಾನ ಶಿಬಿರದಲ್ಲಿ ಕೊಡುವ ಬಿಸ್ಕತ್ತು, ಜ್ಯೂಸು ಯಾವ ಮುಖ? ಅದನ್ನು ಯಾರೂ ಕೂಲಿ ಅಂದುಕೊಳ್ಳುವುದಿಲ್ಲ. ನಮ್ಮ ದೇಶದಲ್ಲಿ ರಕ್ತ ಮಾರುವವರೂ ಇದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ, 1998ರ ಜನವರಿಯಿಂದ ದುಡ್ಡಿಗೆ ರಕ್ತ ಕೊಡುವುದು ನಿಂತಿತು. ಮುಖ್ಯ ಕಾರಣ ರಕ್ತದ ಸುರಕ್ಷತೆ. ದುಡ್ಡು ಬೇಕಾದವರು ಕಾಯಿಲೆ ಮುಚ್ಚಿಡಬಹುದಲ್ಲ. ಸ್ವೀಡನ್ನಿನ ಒಂದು ಪ್ರಯೋಗ ಇನ್ನೊಂದು ಮಗ್ಗುಲು ತೋರಿಸಿತು. ರಕ್ತದಾನಿಯಾಗಲು ಬೇಕಾದ ಆರೋಗ್ಯ ತಪಾಸಣೆಗೆ ಬಂದರೆ 50 ಕ್ರೋನಾ ಕೊಡ್ತೀವಿ ಅಂದಾಗ ಒಪ್ಪುವ ಹೆಂಗಸರ ಪ್ರಮಾಣ ಶೇ 52ರಿಂದ 30ಕ್ಕೆ ಇಳಿಯಿತು. ಬೇಕಾದರೆ ಆ ಹಣವನ್ನು ದಾನಕ್ಕೆ ಕೊಡಬಹುದು ಅಂದಾಗ ಮತ್ತೆ ಮೊದಲಿನಷ್ಟೇ ಆಯಿತು. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೆ ನನ್ನದೊಂದು ವಿವರಣೆ ಇದೆ, ಇಲ್ಲಿ ಬೇಡ.

ಮೆಚ್ಚುಗೆಯಲ್ಲೂ ಒಂದು ಸೂಕ್ಷ್ಮ ಇದೆ. ನಮ್ಮಲ್ಲಿ ಮಕ್ಕಳನ್ನು ಹೊಗಳುವುದು ಅಂದರೆ "ಜಾಣ ಮರಿ". ಧಾರವಾಡದ ಕಡೆ "ಭಾಳ ಶಾಣ್ಯಾ ಅದಾನ". ಕ್ಲಾಡಿಯಾ ಮ್ಯೂಲರ್, ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ ಆಕೃತಿಗಳ ಒಗಟುಗಳನ್ನು ಕೊಟ್ಟು, ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ತುಂಬ ಶ್ರಮಪಟ್ಟಿದ್ದೀಯ" ಅಂದರು. ಒಂದೇ ವಾಕ್ಯದ ವ್ಯತ್ಯಾಸ. ಮುಂದೆ ಯಾವ ಥರದ್ದು ಬೇಕು ಅಂತ ಕೇಳಿದಾಗ, ಬುದ್ಧಿವಂತ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಸುಲಭದ್ದೇ ಸಾಕು ಅಂದರು. ಶ್ರಮದ ಮಾತು ಕೇಳಿದವರಲ್ಲಿ ಬಹುಪಾಲು ಹೊಸದೇನಾದರೂ ಕಲಿಯಬಹುದಾದದ್ದನ್ನು ಆರಿಸಿಕೊಂಡರು. ಜಾಣ ಅನ್ನುವ ಬಿರುದು ಒಮ್ಮೆ ಬಂದ ಮೇಲೆ ಅದನ್ನು ಕಾಯುವುದೇ ಕೆಲಸ. ಕಷ್ಟದ ಒಗಟು ತಗೊಂಡು ಸೋತು ಅದನ್ನು ಯಾಕೆ ಕಳೆದುಕೊಳ್ಳಬೇಕು? ತಮ್ಮ ಅಂಕಗಳನ್ನು ಬರೆದು ತಿಳಿಸಿ ಅಂದಾಗ ಸುಳ್ಳು ಬರೆದವರೂ ಆ ಗುಂಪಿನಲ್ಲೇ ಜಾಸ್ತಿ. ಇದರ ಮೇಲೆ ಕಟ್ಟಿದ ದೊಡ್ಡ ದೊಡ್ಡ ಶಾಲಾ ಕಾರ್ಯಕ್ರಮಗಳ ಫಲ ಅಷ್ಟೇನೂ ದೊಡ್ಡದಾಗಿ ಬಂದಿಲ್ಲ, ಅದನ್ನೂ ಹೇಳಬೇಕು. ಮನೆಯಲ್ಲಿ ಒಂದು ವಾಕ್ಯ ಬದಲಾಯಿಸಲು ಖರ್ಚೇನಿಲ್ಲ ಅಂತ ನಾನಂತೂ ಬದಲಾಯಿಸಿದೆ. ಬದಲಾಯಿಸುವುದು ಸುಲಭವಲ್ಲ, "ಜಾಣ" ಬಾಯಿಗೆ ತಾನಾಗಿ ಬಂದುಬಿಡುತ್ತೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ತಂಗಿ ಬೈದ ಮೇಲೆ ನಾಣ್ಯ ನಿಲ್ಲಿಸಿದೆ. ಅವನು ನೀರು ನಿಲ್ಲಿಸಿದ. ಹೈಫಾದ ಅಪ್ಪ ಅಮ್ಮಂದಿರ ಹಾಗೆ, ಹಳೆಯದು ತಾನಾಗಿ ವಾಪಸ್ ಬರಲಿಲ್ಲ. ಎರಡು ತಿಂಗಳು ಪೈಪು ನಾನೇ ಹಿಡಿದೆ. ಬಾ ಅಂತ ಕರೆಯಲಿಲ್ಲ, ಕರೆದರೆ ಮತ್ತೆ ಅದು ನನ್ನ ಕೆಲಸವೇ ಆಗುತ್ತಿತ್ತು.

ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಎಲ್ಲರೂ ಕೂತು ಕಾಯಿ ಸುಲಿಯುತ್ತಿದ್ದೆವು. ಬಲಿತ ನಾಲ್ಕು ಕಾಳು ಆರಿಸಿ ಜೇಬಿಗೆ ಹಾಕಿಕೊಂಡ. ಯಾಕೆ ಅಂತ ನಾನು ಕೇಳಲಿಲ್ಲ. ಮಾರನೇ ದಿನ ಮೇಲೆ ಬಂದು, "ದೊಡ್ಡಮ್ಮ, ಒಂದು ಖಾಲಿ ಕುಂಡ ಇದ್ಯಾ?" ಅಂದ. ಎರಡಿದ್ದವು, ಒಡೆದದ್ದನ್ನೇ ಆರಿಸಿಕೊಂಡ. ನಾಲ್ಕರಲ್ಲಿ ಎರಡು ಹುಟ್ಟಿದವು. ಬಳ್ಳಿ ಹಬ್ಬಲು ಬಟ್ಟೆ ಒಣಹಾಕುವ ಹಗ್ಗದಿಂದ ಒಂದು ದಾರ ಇಳಿಬಿಟ್ಟುಕೊಂಡ.

ಒಂದು ಸಂಜೆ ಕೂಗಿದ. "ದೊಡ್ಡಮ್ಮ, ಎರಡೂ ಬಳ್ಳಿ ಒಂದೇ ಕಡೆಗೆ ಸುತ್ತುತ್ತಲ್ಲ, ಯಾಕೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಕಣೋ ಅಂದೆ. ಇಬ್ಬರೂ ಸೇರಿ ಒಂದರ ತುದಿಯನ್ನು ಮೆಲ್ಲಗೆ ಬಿಡಿಸಿ, ಉಲ್ಟಾ ಸುತ್ತಿಟ್ಟೆವು. ಬೆಳಿಗ್ಗೆ ನಾನು ಕಾಫಿ ಸೋಸುವ ಹೊತ್ತಿಗೆ ಅವನು ಹಲ್ಲೂ ಉಜ್ಜದೆ ತಾರಸಿಗೆ ಹೋಗಿ ಬಂದಿದ್ದ.

"ಬಿಚ್ಚಿಕೊಂಡುಬಿಟ್ಟಿದೆ ದೊಡ್ಡಮ್ಮ! ಮತ್ತೆ ಹಳೇ ಕಡೆಗೇ ತಿರುಗ್ತಿದೆ!"